ತುಂಬಿದ ಕೊಡ ಎದುರು ಬಂದ ಮಧ್ಯಾಹ್ನ

ನಾನು ನಿಂತಿದ್ದದ್ದು ಜಯನಗರದ ನಮ್ಮ ಬಾಡಿಗೆ ಮನೆಯ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ. ಅರವತ್ತರ ದಶಕದ ಆರಂಭ, ವೈಶಾಖದ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರದ ಟ್ಯೂಬು ಬಿಚ್ಚಿ, ನೀರಿಗೆ ಅದ್ದಿ ಪಂಕ್ಚರ್ ಹುಡುಕುತ್ತಿದ್ದೆ. ಎದುರು ಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಬಡಾವಣೆ ಹೊಸದು, ರಸ್ತೆ ಬದಿಯ ಗಿಡಗಳು ಇನ್ನೂ ಮೊಣಕಾಲೆತ್ತರ.

ಇದನ್ನು ಈಗ ಬರೆಯಲು ಕಾರಣ, ಮೊನ್ನೆ ಮೊಮ್ಮಗಳು ಟಿ.ವಿ.ಯಲ್ಲಿ ಹಾಕಿದ ದರೋಡೆ ಧಾರಾವಾಹಿಯ ಮೊದಲ ಕಂತು. ಕಳ್ಳರು ಕೆಲಸಗಾರರ ವೇಷದಲ್ಲಿ ಬರುತ್ತಾರೆ. ಕಾವಲುಗಾರನೇ ಬಾಗಿಲು ತೆರೆದು ಹಿಡಿದುಕೊಳ್ಳುತ್ತಾನೆ. “ಇಷ್ಟು ಪೆದ್ದರು ಇರ್ತಾರಾ ತಾತ?” ಎಂದು ಅವಳು ನಕ್ಕಳು. ನಾನು ಎದ್ದು ಹೊರಗೆ ಹೋದೆ.

ಎದುರು ಮನೆಯ ಮೇಷ್ಟ್ರ ಮಗಳಿಗೆ ಮದುವೆ. ಸಂಜೆ ವರಪೂಜೆ. ಮನೆಯವರೆಲ್ಲ ಬೆಳಿಗ್ಗೆಯೇ ಬಸವನಗುಡಿಯ ಛತ್ರಕ್ಕೆ ಹೋಗಿದ್ದರು. ಒಡವೆ, ಧಾರೆ ಸೀರೆ ಇದ್ದ ಟ್ರಂಕನ್ನು ಮಾತ್ರ ಮನೆಯಲ್ಲಿ ಬಿಟ್ಟಿದ್ದರು. ಛತ್ರದಲ್ಲಿ ನೂರು ಜನ ಓಡಾಡುತ್ತಾರೆ, ಕಳುವಾದೀತು ಎಂಬ ಭಯ. ಹೊತ್ತಿಗೆ ಸರಿಯಾಗಿ ಮೇಷ್ಟ್ರೇ ಬಂದು ಒಯ್ಯುವುದೆಂದು ಮಾತಾಗಿತ್ತು. ಕಾಯಲು ಅವರ ತಾಯಿ ಉಳಿದಿದ್ದರು. ಗಂಡನನ್ನು ಕಳೆದುಕೊಂಡ ಅಜ್ಜಿ. ಶುಭಕಾರ್ಯಗಳಲ್ಲಿ ಹೇಗೂ ಹಿಂದೆ ಉಳಿಯುವವರು.

ಜಟಕಾ ಬಂದು ನಿಂತಿತು. ಕುದುರೆ ಬಿಳಿಯದೋ ಬೂದು ಬಣ್ಣದ್ದೋ, ಖಚಿತವಾಗಿ ಹೇಳಲಾರೆ. ಇಬ್ಬರು ಇಳಿದರು. ಒಗೆದ ಪಂಚೆ, ಶಲ್ಯ. ಒಬ್ಬನ ಕೈಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ ಇಟ್ಟ ತಟ್ಟೆ. ಒಳಗೆ ಹೋದವರು ಸ್ವಲ್ಪ ಹೊತ್ತಿಗೆ ಟ್ರಂಕು ಹೊತ್ತು ಬಂದರು. ಅವಸರವಿರಲಿಲ್ಲ. ಹೊಸ್ತಿಲ ಆಚೆ ಅದನ್ನು ಇಳಿಸಿ ಕುಂಕುಮ ಹಚ್ಚಿದರು. ಆಮೇಲೆ ತಟ್ಟೆಯವನು, ಪಕ್ಕದ ಮನೆಯಂಗಳದಲ್ಲಿ ಹಪ್ಪಳ ಒಣಹಾಕುತ್ತಿದ್ದಾಕೆಯನ್ನು ಕರೆದ.

“ತಾಯೀ, ಒಡವೆ ಪೆಟ್ಟಿಗೆ ಛತ್ರಕ್ಕೆ ಹೊರಟಿದೆ. ಮುತ್ತೈದೆ ಒಬ್ರು ಎದುರಿಗೆ ಬಂದ್ರೆ ಒಳ್ಳೇದಲ್ವಾ?”

“ಇರಿ ಇರಿ, ಬರಿಗೈಲಿ ಬರಬಾರದು.”

ಆಕೆ ನಲ್ಲಿಯಲ್ಲಿ ಕೊಡ ತುಂಬಿಸಿಕೊಂಡು, ಸೆರಗು ಸರಿಮಾಡಿಕೊಂಡು ಎದುರು ಬಂದರು. “ನಿಮಗಾದ್ರೂ ಈ ಬುದ್ಧಿ ಇದೆಯಲ್ಲಪ್ಪ. ನಮ್ಮನೆಯವರು ಆಫೀಸಿಗೆ ಹೊರಟ್ರೆ ದಿನಾ ಬೆಕ್ಕೇ ಎದುರು!”

ಇಬ್ಬರೂ ನಕ್ಕರು. ನಾನೂ ನಕ್ಕೆ.

ಆಗಲೇ ಕಿಟಕಿಯ ಸರಳುಗಳ ನಡುವೆ ಅಜ್ಜಿಯ ಕೈ ಕಂಡಿತು. ಕರೆಯುವಂತೆ ಎರಡು ಸಲ ಆಡಿತು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡೆ. ಜಟಕಾ ಬಸವನಗುಡಿಯ ಕಡೆ ಹೋಗದೆ ಊರಾಚೆ, ಕನಕಪುರ ರಸ್ತೆಯ ಜರಗನಹಳ್ಳಿಯ ಕಡೆಗೆ ತಿರುಗಿತು. ‘ಎಲ್ಲಿಗೆ’ ಎಂಬ ಮಾತು ಬಾಯಿಗೆ ಬಂತು. ಆದರೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂದು ಕೇಳುತ್ತಲೇ ಬೆಳೆದವನು ನಾನು. ಯಾವುದೋ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ಹೋಗುತ್ತಾರೇನೋ ಎಂದು ನನಗೆ ನಾನೇ ಹೇಳಿಕೊಂಡೆ. ಟ್ಯೂಬಿನಿಂದ ಗುಳ್ಳೆ ಏಳುತ್ತಿತ್ತು. ತೂತಿನ ಮೇಲೆ ಬೆರಳಿಟ್ಟೆ.

ಬೆರಳು ಇನ್ನೂ ಅಲ್ಲೇ ಇತ್ತು, ಮೇಷ್ಟ್ರು ಬಸ್ಸಿಳಿದು ಬಂದರು. ನನ್ನತ್ತ ಕೈಯೆತ್ತಿ ಒಳಗೆ ಹೋದರು. “ಅಮ್ಮಾ, ಪೆಟ್ಟಿಗೆ ಕೊಡು, ಹೊತ್ತಾಯ್ತು” ಎಂದದ್ದು ಕೇಳಿಸಿತು.

ಹೊರಗೆ ಬಂದಾಗ ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಯಾವ ಕಡೆ ಹೋದ್ರು? ನಿಮ್ಮ ಸೈಕಲ್ ಕೊಡಿ ಸ್ವಾಮಿ, ಸೈಕಲ್ ಕೊಡಿ” ಎಂದರು. ಅದರ ಟ್ಯೂಬು ನನ್ನ ಕೈಯಲ್ಲಿ ನೀರು ಸುರಿಸುತ್ತಿತ್ತು. ಅದನ್ನು ನೋಡಿದವರೇ, ನಾನು ಕೈ ತೋರಿಸಿದ ಕನಕಪುರ ರಸ್ತೆಯ ಕಡೆಗೆ ಓಡಿದರು. ನಾನೂ ಹಿಂದೆ ಓಡಿದೆ. ರಸ್ತೆ ಖಾಲಿ ಇತ್ತು.

ಅಜ್ಜಿ ಬಾಗಿಲ ಹಿಂದೆಯೇ ನಿಂತಿದ್ದರು. ಮೇಷ್ಟ್ರೇ ಕಳಿಸಿದ್ದಾರೆಂದು ಹೇಳಿ ಒಳಗೆ ಬಂದ ಆ ಇಬ್ಬರು, ಮಜ್ಜಿಗೆ ಕೊಡುತ್ತೇನೆಂದರೂ ಬೇಡವೆಂದರಂತೆ. ಮದುವೆ ಮನೆಯಿಂದ ಬಿಸಿಲಲ್ಲಿ ಬಂದವರು ಮಜ್ಜಿಗೆ ಬೇಡ ಅನ್ನುತ್ತಾರೆಯೇ ಎಂದು ಆಗ ಅನುಮಾನ ಹುಟ್ಟಿತಂತೆ. “ಬಾಗಿಲವರೆಗೂ ಬಂದೆ ಮಗಾ. ಮದುವೆ ಪೆಟ್ಟಿಗೆ ಹೊರಟಿದೆ, ಅಂಥಾದ್ದರ ಎದುರಿಗೆ ನಾನು ಹೆಂಗೆ ಬರ್ಲಿ, ಹಿಂದಿನಿಂದ ಹೆಂಗೆ ಕೂಗ್ಲಿ?” ಎಂದರು.

ಪೊಲೀಸರು ಬಂದು ಹೋದರು, ಟ್ರಂಕು ಸಿಗಲಿಲ್ಲ. ಗಂಡಿನ ತಂದೆ ಒಡವೆಯ ಮಾತನ್ನೇ ಎತ್ತಲಿಲ್ಲ ಎಂದು ಮೇಷ್ಟ್ರು ಆಮೇಲೆ ಹೇಳಿದರು. “ಶಕುನ ಚೆನ್ನಾಗಿಲ್ಲ, ಮುಂದೆ ನೋಡೋಣ” ಎಂದರಂತೆ. ಮುಂದೆ ಅವರು ನೋಡಲಿಲ್ಲ. ಹುಡುಗಿ ಮಾರನೆಯ ಬೆಳಿಗ್ಗೆ ಕೈಯಲ್ಲಿ ಗೋರಂಟಿಯ ಕೆಂಪು ಹೊತ್ತು ಮನೆಗೆ ಬಂದಳು. ಪಕ್ಕದ ಮನೆಯಾಕೆ ನೀರು ಹಿಡಿದು ಬರುತ್ತಿದ್ದರು. ಎದುರು ಬರಬೇಕೋ ಹಿಂದೆ ಸರಿಯಬೇಕೋ ತಿಳಿಯದೆ ರಸ್ತೆಯ ಮಧ್ಯೆಯೇ ನಿಂತುಬಿಟ್ಟರು. ಹುಡುಗಿ ಅವರನ್ನು ಬಳಸಿಕೊಂಡು ಒಳಗೆ ಹೋದಳು. ಆಮೇಲೆ ಬಂದ ಸಂಬಂಧಗಳೆಲ್ಲ ಆ ಟ್ರಂಕಿನ ಕಥೆ ಕೇಳಿ ಹಿಂದಕ್ಕೆ ಹೋದವು.

ಅಜ್ಜಿ ಹೋದರು, ಮೇಷ್ಟ್ರೂ ಹೋದರು. ಆ ಮಗಳು ಈಗಲೂ ಅದೇ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳು ಇದನ್ನು ಕಣ್ಣಾರೆ ನೋಡಿದವಳಲ್ಲ. ನೋಡಿದವರಲ್ಲಿ ಉಳಿದಿರುವುದು ನನ್ನ ಹೊರತು ಇನ್ನೊಬ್ಬರು: ಜೆ.ಪಿ. ನಗರದಲ್ಲಿ ಮಗನ ಮನೆಯಲ್ಲಿರುವ, ಅಂದು ತುಂಬಿದ ಕೊಡ ಹಿಡಿದು ನಗುತ್ತಾ ಎದುರು ಬಂದ ಆಕೆ.