ಏಲಕ್ಕಿ ಜೊತೆ ಒಣಗಿದ ಟೇಪು

ಒಂದು ಮದುವೆ ವಿಡಿಯೊದಲ್ಲಿ ನಾನು ಮಾಡಿದ ಕಿತಾಪತಿಯಿಂದ ಇದೆಲ್ಲ ಶುರುವಾಯಿತು. ಮೂಡಿಗೆರೆಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇತ್ತು. ನಮ್ಮ ಯಜಮಾನರು ಕ್ಯಾಮೆರಾ ಹಿಡಿಯುತ್ತಿದ್ದರು, ನಾನು ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಚಿತ್ರ, ಸದ್ದು ಎರಡನ್ನೂ ಕತ್ತರಿಸಿ ಜೋಡಿಸುತ್ತಿದ್ದೆ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ದಿಬ್ಬಣಕ್ಕೆ ನಾದಸ್ವರ, ಧಾರೆಗೆ ಗಟ್ಟಿಮೇಳ, ಊಟದ ಪಂಕ್ತಿಗೆ ಸಿನಿಮಾ ಹಾಡು. ಹಾಕಿ ಹಾಕಿ ನನಗೆ ವಾಕರಿಕೆ ಬಂದಿತ್ತು. ಆ ಮದುವೆಯಲ್ಲಿ ಮದುಮಗಳ ಜೀಪು ತೋಟದ ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬರುವ ದೃಶ್ಯಕ್ಕೆ, ಯಾರನ್ನೂ ಕೇಳದೆ, ಹಳೆಯ ಇಂಗ್ಲಿಷ್ ರಾಕ್ ಹಾಡೊಂದರ ಗಿಟಾರಿನ ತುಂಡನ್ನು ಅಂಟಿಸಿಬಿಟ್ಟೆ.

ರಾಕ್ ನನಗೆ ಕಾಲೇಜಿನ ದಿನಗಳಿಂದ ಹಿಡಿದ ಹುಚ್ಚು. ತೊಂಬತ್ತರ ದಶಕದಲ್ಲಿ ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿ ನಕಲಿನ ನಕಲಾಗಿ ಕೈಗೆ ಬರುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಹಾಡಿಗಿಂತ ಕರಕರ ಸದ್ದೇ ಹೆಚ್ಚು. ಮದುವೆಯಾಗಿ ಬಂದು ಸ್ಟುಡಿಯೊದ ಕಂಪ್ಯೂಟರ್ ಸಿಕ್ಕಿದ್ದೇ ತಡ, ಬಿಡುವಾದಾಗಲೆಲ್ಲ ಆ ಕರಕರವನ್ನು ತೆಗೆಯುವುದು, ಅದರಡಿ ಹೂತುಹೋದ ಗಿಟಾರನ್ನು ಮೇಲೆತ್ತುವುದು ಇದೇ ಕೆಲಸ. ಅತ್ತೆಯವರು ಅಕ್ಕಿ ಆರಿಸುತ್ತಾ, "ನಾನು ಕಲ್ಲು ಹೆಕ್ತೀನಿ, ನೀನೂ ಎಂಥದೋ ಹೆಕ್ತೀಯಲ್ಲ" ಎನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮದುವೆಯವರು ಫೋನಿನಲ್ಲೇ ನನಗೆ ಮಂಗಳಾರತಿ ಎತ್ತಿದರು. ಮರುದಿನ ಮದುಮಗಳ ದೊಡ್ಡಪ್ಪ, ಗೋಣಿಬೀಡಿನ ಆಚೆ ತೋಟ ಇಟ್ಟುಕೊಂಡಿದ್ದ ಗೌಡರು, ಖುದ್ದಾಗಿ ಬಂದರು. ಆರಡಿ ಆಳು, ದಪ್ಪ ಮೀಸೆ. ಜಗಳಕ್ಕೇ ಬಂದಿದ್ದಾರೆಂದು ನಾನೂ ಸೆರಗು ಸಿಕ್ಕಿಸಿಕೊಂಡೆ.

"ಆ ಗಿಟಾರು ಹಾಕಿದ್ಯಾರು?"

"ನಾನೇ. ತೆಗೀತೀನಿ ಬಿಡಿ."

"ತೆಗೀಬೇಡ ಮಾರಾಯ್ತಿ" ಎಂದರು. "ಒಂದು ಕಾಲದಲ್ಲಿ ನಾನೂ ಅದನ್ನೇ ನುಡಿಸ್ತಿದ್ದೆ. ನಮ್ದೊಂದು ಬ್ಯಾಂಡಿತ್ತು."

ಕುರ್ಚಿಯಿಂದ ಬೀಳುವುದೊಂದು ಬಾಕಿ. ನಾನಿನ್ನೂ ಹುಟ್ಟುವ ಮೊದಲೇ ಈ ಗುಡ್ಡಗಳ ನಡುವೆ ನಾಲ್ಕು ಜನ ಸೇರಿ ರಾಕ್ ಬಾರಿಸಿದ್ದರಂತೆ, ಸ್ವಂತ ಹಾಡನ್ನೂ ಕಟ್ಟಿದ್ದರಂತೆ. ಅದನ್ನು ತೋಟದ ಗೋಡೌನಿನಲ್ಲಿ ಒಮ್ಮೆ ದೊಡ್ಡ ಸುರುಳಿಯ ಸ್ಪೂಲ್ ಟೇಪಿನಲ್ಲಿ ಹಿಡಿದಿದ್ದರಂತೆ. ಆ ಟೇಪು ಇನ್ನೂ ಇದೆ ಎಂದಾಗ ನನಗೆ ಅವತ್ತಿನ ಅಡುಗೆಯೂ ಮರೆತುಹೋಯಿತು.

ಟೇಪು ಬಂತು, ಅವರ ಹಳೆಯ ಸ್ಪೂಲ್ ಮೆಷಿನ್ನೂ ಬಂತು. ಹಾಕಿದರೆ ಕಿರ್ರೆಂದು ಕಿರುಚಿ ನಿಂತೇಹೋಯಿತು. ನಮ್ಮ ಮಳೆಗೆ ಕಬ್ಬಿಣವೇ ಉಳಿಯುವುದಿಲ್ಲ, ಟೇಪು ಉಳಿದೀತೇ? ಮೈಯೆಲ್ಲ ಅಂಟಂಟಾಗಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಗೊತ್ತಾಯಿತು, ನನ್ನಂಥ ಹುಚ್ಚರು ಬೇರೆ ದೇಶಗಳಲ್ಲೂ ಇದ್ದಾರೆ, ಅವರು ಇಂಥ ಟೇಪುಗಳನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ನಮ್ಮಲ್ಲಿ ಅಂಥ ಒಲೆ ಎಲ್ಲಿಂದ ತರುವುದು? ಗೌಡರಿಗೆ ಹೇಳಿದೆ. ಅವರು ನಕ್ಕು, "ಹದವಾದ ಬಿಸಿ ಅಂದ್ರೆ ಏಲಕ್ಕಿ ಮನೆ ಅಲ್ವಾ?" ಎಂದರು.

ಏಲಕ್ಕಿ ಕೊಯ್ಲಿನ ಕಾಲ. ಹಸಿರು ಬಣ್ಣ ಕೆಡದಂತೆ ಕಾಯಿ ಒಣಗಿಸುವ ಕೋಣೆ ಅವರ ತೋಟದಲ್ಲಿ ಬೆಚ್ಚಗೆ ಉರಿಯುತ್ತಿತ್ತು. ಏಲಕ್ಕಿ ಹರಡಿದ ತಟ್ಟೆಗಳ ನಡುವಿನ ಒಂದು ತಟ್ಟೆಯಲ್ಲಿ ಟೇಪಿನ ಸುರುಳಿಯನ್ನು ಮಲಗಿಸಿದೆವು. ಬೆಂಕಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ, "ಇದೆಷ್ಟು ಒಣಗಬೇಕಮ್ಮ, ಏಲಕ್ಕಿ ಹಾಗೆ ಮುರಿದು ನೋಡೋದಾ?" ಎಂದು ಕೇಳಿದ. ನಾನು ತಟ್ಟೆಗೆ ಅಡ್ಡ ನಿಂತೆ. ಸಂಜೆ ಹೊತ್ತಿಗೆ ಅಂಟು ಹೋಗಿತ್ತು. ಸ್ಟುಡಿಯೊಗೆ ತಂದು ಮೆಷಿನ್ನಿಗೆ ಏರಿಸಿದರೆ ಕೋಣೆಯೆಲ್ಲ ಪಾಯಸದ ವಾಸನೆ, ಅದರ ನಡುವೆ ಗಿಟಾರು. ಎಂಥ ಗಿಟಾರು ಅಂತೀರಿ! ಯಜಮಾನರು ಗಿರಾಕಿಯ ಪಾಸ್‌ಪೋರ್ಟ್ ಫೋಟೊ ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದು ನಿಂತರು.

ಒಂದೇ ಮೈಕಿನಲ್ಲಿ ಎಲ್ಲವನ್ನೂ ಹಿಡಿದಿದ್ದರು. ಹಾಡುವವನು ಹತ್ತಿರ, ಗಿಟಾರು ಪಕ್ಕದಲ್ಲಿ, ಡ್ರಮ್ಮು ದೂರದ ಮೂಲೆಯಲ್ಲಿ. ಹಾಡಿನ ನಡುವೆ ಡ್ರಮ್ಮು ಓಡತೊಡಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ನಿಧಾನವಾಗುತ್ತಿತ್ತು. ಗೌಡರು ಮೊದಲೇ ಎಚ್ಚರಿಸಿದ್ದರು. "ಡ್ರಮ್ಮಿಂದು ಸಣ್ಣ ಮಾಡಿಬಿಡು. ಅವನಿಗೆ ತಾಳ ನಿಲ್ತಿರ್ಲಿಲ್ಲ. ನುಡಿಸುವಾಗ ನಮಗೆ ಗೊತ್ತಾಗ್ಲಿಲ್ಲ, ಈ ಟೇಪ್ ಕೇಳಿದ ಮೇಲೆ ಗೊತ್ತಾಯ್ತು. ಕ್ಲಬ್ಬಿನ ಹೊಸವರ್ಷದ ಪಾರ್ಟಿಗೆ ಅವನನ್ನ ಕೈಬಿಟ್ವು. ಆಮೇಲೆ ಬ್ಯಾಂಡೂ ನಿಂತೋಯ್ತು."

ಆ ಡ್ರಮ್ಮಿನವರು ಯಾರೆಂದು ಕೇಳಿದರೆ ನನಗೆ ಗೊತ್ತಿರುವವರೇ! ಗೋಣಿಬೀಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಜೀಪು ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಊರಿಗೆಲ್ಲ ಅವರು ಕಾಕಾ. ನಮ್ಮ ವ್ಯಾನಿನ ಬ್ರೇಕು ಎಷ್ಟೋ ಸಲ ಸರಿ ಮಾಡಿಕೊಟ್ಟಿದ್ದರು, ಬ್ಯಾಂಡಿನ ಸುದ್ದಿ ಮಾತ್ರ ಎತ್ತಿದವರಲ್ಲ. ಮರುದಿನವೇ ಬಸ್ಸು ಹತ್ತಿದೆ.

"ಅದೆಲ್ಲ ಈಗ್ಯಾಕಮ್ಮ" ಎಂದರು ಕಾಕಾ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. "ನಂಗೆ ತಾಳ ಇಲ್ಲ. ಅವ್ರು ಹೇಳಿದ್ದಕ್ಕಲ್ಲ, ನಾನೇ ಕೂತು ಕೇಳಿದ್ದೆ. ಮೆಷಿನ್ನು ಸುಳ್ಳು ಹೇಳ್ತದಾ?"

"ಆಮೇಲೆ ಬಾರಿಸ್ಲೇ ಇಲ್ವಾ ಕಾಕಾ?"

"ಇಲ್ಲ. ಮೊದ್ಲು ಮದುವೆ ಮನೇಲೆಲ್ಲ ದಫ್ ಬಾರಿಸ್ತಿದ್ದೆ. ಅದನ್ನೂ ಬಿಟ್ಟೆ. ಮಗಳ ಮದುವೇಲಿ ಎಲ್ಲ ಕರೆದ್ರು. ತಾಳ ತಪ್ಪೋನು ಬಾರಿಸಿ ಯಾಕೆ ಮರ್ಯಾದೆ ಕಳೀಬೇಕು ಅಂತ ಊಟ ಬಡಿಸೋಕೆ ಹೋದೆ."

ವಾಪಸು ಬರುವಾಗ ನನಗೆ ಮೈ ಉರಿಯುತ್ತಿತ್ತು. ಒಂದು ಟೇಪು ಕೇಳಿ ಮನುಷ್ಯ ತನ್ನ ಕೈಯನ್ನೇ ಕಟ್ಟಿಹಾಕಿಕೊಳ್ಳುವುದೇ? ಅವರ ಡ್ರಮ್ಮನ್ನು ನಾನಂತೂ ಸಣ್ಣ ಮಾಡುವವಳಲ್ಲ ಎಂದು ಹಟ ಹುಟ್ಟಿತು. ತಪ್ಪಿದ ಕಡೆ ಒಂದೊಂದೇ ಪೆಟ್ಟನ್ನು ಸರಿಸಿ ಕೂರಿಸಿದರಾಯಿತು ಎಂದುಕೊಂಡೆ. ಮೋಸವೇ ಸರಿ. ಆದರೂ ಮಾಡುವುದೆಂದು ಕೂತೆ.

ಎಲ್ಲೆಲ್ಲಿ ಓಡುತ್ತದೆ ಎಂದು ಹುಡುಕಲು ಒಂದೇ ಜಾಗವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಗಿಟಾರಿನಲ್ಲಿ ಗೌಡರು ಹಾಡಿನುದ್ದಕ್ಕೂ ದಪ್ಪ ತಂತಿಯನ್ನು ಬೆರಳೊತ್ತದೆ ಹಾಗೇ ಬಿಟ್ಟು ಬಿಟ್ಟು ಮೀಟುತ್ತಿದ್ದರು. ಅದರ ಸ್ವರ ಎಲ್ಲ ಕಡೆ ಒಂದೇ ಇರಬೇಕು. ಡ್ರಮ್ಮು ಓಡತೊಡಗಿದ ಕಡೆ ಅದೂ ಒಂಚೂರು ಮೇಲೇರಿದಂತೆ ಕೇಳಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಏರಿದ್ದು ನಿಜ! ಹಾಡುವವರ ದನಿಯೂ ಅದರ ಜೊತೆಗೇ ಏರಿತ್ತು. ಡ್ರಮ್ಮು ನಿಧಾನವಾದ ಕಡೆ ಎಲ್ಲವೂ ಒಟ್ಟಿಗೆ ಇಳಿದಿತ್ತು. ಡ್ರಮ್ಮಿನವರು ಅವಸರ ಮಾಡಿದರೆ ಗಿಟಾರಿನ ತಂತಿ ಯಾಕೆ ಬಿಗಿಯಾಗುತ್ತದೆ? ಓಡಿದ್ದು ಮನುಷ್ಯನಲ್ಲ, ಟೇಪು!

ನಾನು ಕೂಗಿದ್ದು ಪಕ್ಕದ ಬಟ್ಟೆ ಅಂಗಡಿಗೂ ಕೇಳಿತಂತೆ. ಕೂಡಲೇ ಗೌಡರಿಗೆ ಫೋನು ಮಾಡಿದೆ.

"ಅವತ್ತು ಗೋಡೌನಲ್ಲಿ ಕರೆಂಟ್ ಇತ್ತಾ?"

"ಕರೆಂಟ್ ಎಲ್ಲಿ ಬಂತು. ಜನರೇಟರಲ್ಲಿ ಮಾಡಿದ್ದು."

"ಅದೇ ಜನರೇಟರಲ್ಲಿ ಬೇರೆ ಎಂಥ ಓಡ್ತಿತ್ತು?"

"ಕೊಯ್ಲಿನ ಟೈಮಲ್ವಾ, ಪಲ್ಪರ್. ಹಳ್ಳದ ಹತ್ರ. ಹಣ್ಣು ಬಂದಾಗ ಹಾಕೋರು, ಮುಗಿದಾಗ ನಿಲ್ಸೋರು..."

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶುರುವಾದಾಗ ಜನರೇಟರಿಗೆ ಭಾರ ಬಿದ್ದು ಅದು ಕುಗ್ಗುತ್ತದೆ, ಜೊತೆಗೆ ಟೇಪ್ ಮೆಷಿನ್ನೂ ಕುಗ್ಗುತ್ತದೆ. ನಿಧಾನವಾಗಿ ಓಡುವಾಗ ಹಿಡಿದ ಹಾಡನ್ನು ಸರಿಯಾದ ಕರೆಂಟಿನಲ್ಲಿ ಹಾಕಿದರೆ ಓಡೋಡಿ ಕೇಳುತ್ತದೆ. ತೋಟದಲ್ಲೇ ಹುಟ್ಟಿ ಬೆಳೆದವರಿಗೆ ಇದು ಹೊಳೆಯಲಿಲ್ಲ. ಪಲ್ಪರ್ ಓಡುವುದು ಅವರಿಗೆ ಕಿವಿಗೇ ಬೀಳದಷ್ಟು ದಿನನಿತ್ಯದ್ದು.

ಸರಿಪಡಿಸಲು ವಾರಗಟ್ಟಲೆ ಹಿಡಿಯಿತು. ದಪ್ಪ ತಂತಿಯ ಸ್ವರವನ್ನೇ ಅಳತೆಯಾಗಿಟ್ಟುಕೊಂಡು, ಅದು ಏರಿದ ಕಡೆಯೆಲ್ಲ ಹಾಡನ್ನು ಚೂರು ಚೂರೇ ನಿಧಾನ ಮಾಡಿದೆ. ಡ್ರಮ್ಮಿನ ಒಂದು ಪೆಟ್ಟನ್ನೂ ಬೇರೆಯಾಗಿ ಮುಟ್ಟಲಿಲ್ಲ. ಮುಟ್ಟಬೇಕಾಗಿಯೂ ಇರಲಿಲ್ಲ. ತಂತಿ ನೆಟ್ಟಗಾದ ಹಾಗೆ ತಾಳವೂ ತಾನಾಗಿ ನೆಟ್ಟಗಾಗುತ್ತಾ ಬಂತು. ಮೊದಲಿನಿಂದ ಕೊನೆಯವರೆಗೆ ಅದು ಅಲುಗದೆ ನಿಂತದ್ದನ್ನು ಕೇಳಿದ ದಿನ ಕಂಪ್ಯೂಟರಿನ ಮುಂದೆ ಒಬ್ಬಳೇ ನಗುತ್ತಾ ಅಳುತ್ತಾ ಕೂತಿದ್ದೆ.

ಸೀಡಿ ಮಾಡಿ ಗೌಡರ ಜೊತೆಗೇ ಅವರ ಜೀಪಿನಲ್ಲಿ ಗೋಣಿಬೀಡಿಗೆ ಹೋದೆ. ಕಾಕಾ ರಿಪೇರಿಯೆಂದು ಬಾನೆಟ್ಟು ಎತ್ತಲು ಹೊರಟರು. ಗೌಡರು ಅವರ ಕೈ ಹಿಡಿದು ಸೀಟಿನಲ್ಲಿ ಕೂರಿಸಿದರು. ನಾನು ಹಿಂದಿನಿಂದ ಬಗ್ಗಿ ಜೀಪಿನ ಸ್ಟೀರಿಯೊಗೆ ಸೀಡಿ ಹಾಕಿ ಪಲ್ಪರಿನ ಕಥೆ ಹೇಳಿದೆ. ಹಾಡು ಮುಗಿಯುವವರೆಗೆ ಕಾಕಾ ಸ್ಟೀರಿಯೊ ಕಡೆಗೇ ಬಾಗಿ ಕೂತಿದ್ದರು.

"ಸರಿಯಾಗೇ ಇತ್ತಲ್ಲ" ಎಂದರು ಕಾಕಾ, ತಮಗೆ ತಾವೇ ಹೇಳಿಕೊಳ್ಳುವಂತೆ.

ಗೌಡರು ತಲೆ ತಗ್ಗಿಸಿದರು. "ನಾವು ನಿಂಗೆ ಹಾಗೆ ಹೇಳ್ಬಾರ್ದಿತ್ತು ಮಾರಾಯ."

"ನೀವು ಹೇಳಿದ್ದು ಬಿಡಿ ಗೌಡ್ರೇ" ಎಂದರು ಕಾಕಾ. "ನಾನು ನಂಬಿದ್ನಲ್ಲ."

ಕಾಕಾ ಕೆಳಗಿಳಿದು ಜೀಪಿನ ನಾಲ್ಕೂ ಬಾಗಿಲನ್ನು ಒಂದೊಂದಾಗಿ ತೆರೆದಿಟ್ಟರು. ಧರ್ಮಸ್ಥಳದ ಕಡೆಯ ಬಸ್ಸೊಂದು ಬಂದು ನಿಂತಿತ್ತು, ಜನ ಇಳಿಯುತ್ತಿದ್ದರು.

"ಇನ್ನೊಂದು ಸಲ ಹಾಕಮ್ಮ" ಎಂದರು. "ಸೌಂಡು ಜಾಸ್ತಿ ಮಾಡು. ಎಲ್ಲರಿಗೂ ಕೇಳ್ಲಿ."