ಆರ್ಕೆಸ್ಟ್ರಾ ಮುಸ್ತಕೀಮ

ಆಳಂದದ ಮುಸ್ತಕೀಮ ವರ್ಷಗಟ್ಟಲೆ ಓದಿ ಆರ್ಕಿಟೆಕ್ಟ್ ಆಗಿದ್ದ. ತಾಯಿ ಪೀರಬಿ ಮಾತ್ರ ಓಣಿಗೆಲ್ಲ ‘ಮಗ ಇಂಜಿನಿಯರ್’ ಎಂದೇ ಹೇಳಿಕೊಂಡಿದ್ದಳು. ಅವನು ತಿದ್ದಲು ಹೋದರೆ, “ಅದಕ್ಕಿಂತ ಕಡಿಮಿ ಏನು ಹಂಗಂದ್ರ?” ಎಂದು ಗಾಬರಿಯಾಗುತ್ತಿದ್ದಳು. ಸಂಬಳ ನೆನೆಸಿಕೊಂಡರೆ ಅವನಿಗೂ ಆಕೆಯ ಮಾತೇ ನಿಜವೆನಿಸುತ್ತಿತ್ತು.

ಅವನ ಒಡತಿ ಅನುರಾಧಾ ಮೇಡಂ ಕಲಬುರಗಿಯಲ್ಲಿ ಆಫೀಸು ಇಟ್ಟವರು. ಜೇವರ್ಗಿಯಲ್ಲೂ ಮಂದಿ ಮನೆ ಕಟ್ಟುತ್ತಾರೆಂದು ಅಲ್ಲೊಂದು ಶಾಖೆ ತೆರೆದು, ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ಮುಸ್ತಕೀಮನನ್ನು ಕೂರಿಸಿದ್ದರು. ಮಂದಿ ಮನೆ ಕಟ್ಟುತ್ತಿದ್ದುದು ನಿಜ, ಆದರೆ ಗೌಂಡಿಯನ್ನು ಕರೆದು ಕಟ್ಟಿಸುತ್ತಿದ್ದರು. ನಕಾಶೆಗೊಬ್ಬ ಬೇರೆ ಮನುಷ್ಯ ಬೇಕೆಂಬ ಸುದ್ದಿ ಭೀಮಾ ನದಿ ದಾಟಿ ಈಚೆ ಬಂದಿರಲಿಲ್ಲ.

“ಯುಗಾದಿ ತನಕಾ ನೋಡ್ತೇನಿ ಮುಸ್ತಕೀಮ,” ಎಂದಿದ್ದರು ಮೇಡಂ. “ಒಂದಾದ್ರೂ ಹೊಸಾ ಕೆಲಸ ಹಿಡಕೊಂಡು ಬಾ. ಇಲ್ಲಂದ್ರ ನಾನೇ ಬಂದು ಚಾವಿ ಇಸಗೊಂಡು ಹೋಗ್ತೇನಿ. ಇಲ್ಲಿ ಆಫೀಸಿನಾಗ ನಿನಗ ಕುರ್ಚಿ ಇಲ್ಲ, ಈಗೇ ಹೇಳಿರ್ತೇನಿ.”

ಕುರ್ಚಿ ಉಳಿಸಿಕೊಳ್ಳಲು ಅವನು ಮಾಡದ ಪ್ರಚಾರವಿಲ್ಲ. ಮೊದಲು ಶುದ್ಧ ಕನ್ನಡದಲ್ಲಿರಲಿ ಎಂದು ಬೋರ್ಡಿನ ಮೇಲೆ ‘ವಾಸ್ತುಶಿಲ್ಪಿ’ ಎಂದು ಬರೆಸಿದ. ಒಬ್ಬರು ಬಸವಣ್ಣನ ಮೂರ್ತಿ ಕಡೆಯಲು ಎಷ್ಟು ದಿನ ಬೇಕೆಂದು ಕೇಳಲು ಬಂದರು. ಇನ್ನೊಬ್ಬರು ಮೆಟ್ಟಿಲು ಹತ್ತಿ ಬಂದು, ಅವನ ಹೆಸರು ಕೇಳಿ, “ವಾಸ್ತು ನೀವೂ ನೋಡ್ತೀರೇನ್ರಿ ಸಾಹೇಬ್ರ?” ಎಂದು ಅನುಮಾನಿಸುತ್ತ ಇಳಿದು ಹೋದರು. ಬೋರ್ಡು ಅಳಿಸಿ ‘ಆರ್ಕಿಟೆಕ್ಟ್’ ಎಂದು ಬರೆಸಿದ ಮೇಲೆ ಅವರೂ ಬರುವುದು ನಿಂತಿತು. ಇನ್‌ಸ್ಟಾಗ್ರಾಮಿನಲ್ಲಿ ಪುಟ ತೆರೆದರೆ ಹಿಂಬಾಲಿಸಿದವರೆಲ್ಲ ಅವನ ಸೋದರಮಾವನ ಮಕ್ಕಳು. ಪೇಪರಿನೊಳಗೆ ಇಟ್ಟು ಹಂಚಿಸಿದ ಕರಪತ್ರವೊಂದು ‘ನಿಮ್ಮ ಕನಸಿನ ಮನೆ’ ಎಂದು ಸಾರುತ್ತ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಎಣ್ಣೆ ಹೀರಿಕೊಂಡು ಮರಳಿ ಅವನ ಕೈಗೇ ಬಂತು. ಭಜಿ ಚೆನ್ನಾಗಿತ್ತು.

ಆ ತಾಲೂಕಿನಲ್ಲಿ ಅವನ ನಕಾಶೆಯಂತೆ ಎದ್ದ ಮನೆ ಒಂದೇ, ಇಜೇರಿಯ ಕಸ್ತೂರಿಬಾಯಿಯದು. ಯುಗಾದಿಗೆ ಸ್ವಲ್ಪ ಮುಂಚೆ ಅದರ ಗೃಹಪ್ರವೇಶ ಬಂತು. ಮನೆ ಕಟ್ಟಿದ ಗೌಂಡಿಯನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದು, ನೆರೆದವರ ಎದುರಿಗೆ ಧೋತರ, ಶಾಲು ಕೊಟ್ಟು ಆಯೇರಿ ಮಾಡುವುದು ಅಲ್ಲಿನ ರೂಢಿ. ಈ ಮನೆಯ ಗೌಂಡಿ ಮಲ್ಕಪ್ಪನಿಗೆ ಮುಂದಿನ ಮನೆಗಳು ಸಿಗುತ್ತಿದ್ದುದೇ ಅಂಥ ಆಯೇರಿಗಳಲ್ಲಿ. ಇದಕ್ಕಿಂತ ದೊಡ್ಡ ಜಾಹೀರಾತು ಎಲ್ಲಿದೆ? ಮುಸ್ತಕೀಮ ನಾಚಿಕೆ ಬಿಟ್ಟು ಕೇಳಿಯೇಬಿಟ್ಟ.

“ಅವ್ವಾರ, ನನ್ನೂ ಮೈಕಿನಾಗ ಕರಸ್ರಿ.”

“ಅಯ್ಯ, ಅದಕ್ಯಾಕ ಇಷ್ಟ ಮಾರಿ ಸಣ್ಣದು ಮಾಡ್ತೀ ತಮ್ಮಾ?” ಕಸ್ತೂರಿಬಾಯಿ ನಕ್ಕಳು. “ನಿನಗೂ ಒಂದು ಶಾಲು ತರಸ್ತೇನಿ. ಹೆಸರು ಬರದು ಕೊಡು.”

ಅವನು ಚೀಟಿಯಲ್ಲಿ ‘ಆರ್ಕಿಟೆಕ್ಟ್ ಮುಸ್ತಕೀಮ’ ಎಂದೂ ಕೆಳಗೆ ಫೋನ್ ನಂಬರನ್ನೂ ದಪ್ಪಗೆ ಬರೆದುಕೊಟ್ಟ. ಮೈಕು ಹಿಡಿದಿದ್ದವರು ನಿವೃತ್ತ ಮಾಸ್ತರು ಚಂದ್ರಾಮಪ್ಪ. ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ಆಮೇಲೆ ಊರಿಗೆಲ್ಲ ಕೇಳುವಂತೆ ಸಾರಿದರು: “ಈಗ ಜೇವರ್ಗಿಯ ಸುಪ್ರಸಿದ್ಧ ಆರ್ಕೆಸ್ಟ್ರಾ ಮುಸ್ತಕೀಮ ಅವರು!”

ಮಲ್ಕಪ್ಪನಿಗೆ ಬಿದ್ದದ್ದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. “ಒಂದ್ ಹಾಡ ಹಾಡ್ರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಶಾಲು ಹೊದ್ದ ಮುಸ್ತಕೀಮ ಮೈಕು ಇಸಿದುಕೊಂಡು, “ನಾ ಹಾಡವ ಅಲ್ರಿ, ಈ ಮನಿ ನಕಾಶಾ...” ಎನ್ನುವಷ್ಟರಲ್ಲಿ ಮೈಕು ಕಿರ್ರೆಂದಿತು. ಅತ್ತ ಎಲೆ ಹಾಕಿದರು. ಮಂದಿ ಊಟಕ್ಕೆದ್ದರು.

ಮಾಸ್ತರು ಫೋನ್ ನಂಬರನ್ನು ಮಾತ್ರ ಒಂದು ಅಂಕಿಯೂ ತಪ್ಪದೆ ಓದಿದ್ದರು. ಮರುದಿನದಿಂದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಮದುವೆಗೆ ಬರ್ತೀರಾ, ಜವಳಕ್ಕೆ ಬರ್ತೀರಾ, ಹಾಡಲು ಹೆಣ್ಣುಮಕ್ಕಳು ಇದ್ದಾರಾ? ಮೊದಮೊದಲು ಅವನು ಬಿಡಿಸಿ ಹೇಳಿದ. ಆಮೇಲೆ ದಣಿದು, “ಆ ತಾರೀಖು ಬುಕ್ ಆಗ್ಯಾದ್ರಿ,” ಎಂದು ಫೋನು ಇಡತೊಡಗಿದ. ಒಂದೂ ಕಟ್ಟಡದ ಕೆಲಸವಿಲ್ಲದವನು ಇಡೀ ಬೇಸಿಗೆಯ ಮದುವೆಗಳಿಗೆ ಬುಕ್ ಆಗಿಬಿಟ್ಟಿದ್ದ.

ಮೇಡಂ ಚಾವಿಗೆ ಬರುವ ಹಿಂದಿನ ದಿನ ಮಧ್ಯಾಹ್ನ ಅವನು ನಕಾಶೆಗಳನ್ನು ಸುತ್ತಿ ಕಟ್ಟುತ್ತಿದ್ದಾಗ ಘತ್ತರಗಿಯಿಂದ ಫೋನು ಬಂತು. ಜಗದೇವಪ್ಪ ಎಂಬವರು, ಕಸ್ತೂರಿಬಾಯಿಯ ಬೀಗರು. ಮಗಳ ಮದುವೆ ಇತ್ತು. ಬುಕ್ ಆಗಿದೆ ಎಂದು ಸುಳ್ಳು ಹೇಳುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

“ನಾ ಆರ್ಕೆಸ್ಟ್ರಾದವ ಅಲ್ರಿ ಯಜಮಾನ್ರ. ನನಗ ಹಾಡಾಕ ಬರಂಗಿಲ್ಲ.”

“ಹಂಗಾದ್ರ ಶಾಲು ಯಾಕ ಹೊಚ್ಚಿದ್ರಪ್ಪಾ ನಿನಗ?”

“ಆ ಮನಿ ನಕಾಶಾ ನಂದ್ರಿ.”

“ಅಡಗಿ ಮನಿ ಮಗ್ಗಲಿಗೆ ಒಂದು ಬಾಗಲಾ ಅದಲ್ಲ, ಪಡಸಾಲಿಯಾಗ ಬೀಗರು ಕುಂತಿದ್ರೂ ಹೆಣ್ಮಕ್ಕಳು ಅವರ ಮುಂದ ಹಾಯದೇ ಹಿತ್ತಲಕ್ಕ ಹೋಗ್ತಾರ. ಅದೂ ನಿಂದೇನು?”

“ಹೌದ್ರಿ.”

“ಏ, ಇಲ್ಲಿ ಬಾ ಬೇ,” ಎಂದು ಅವರು ಹೆಂಡತಿಯನ್ನು ಕರೆದದ್ದು ಕೇಳಿಸಿತು. “ಆ ಬಾಗಲಾದಾವ ಸಿಕ್ಕಾನ!” ಮತ್ತೆ ಫೋನಿಗೆ ಬಾಯಿ ಇಟ್ಟರು. “ಇಜೇರಿಯಿಂದ ಬಂದಾಗಿಂದ ನಮ್ಮಕಿ ಅದನ್ನ ಹಿಡದು ನನ್ನ ತಲಿ ತಿನ್ನಾಕತ್ತಾಳ. ಮದುವಿಗೆ ಹೆಂಗೂ ಮ್ಯಾಲೆ ಎರಡು ಖೋಲಿ ಹಾಕೂದು ಅದ. ಬಂದು ನೋಡು.”

ಮುಸ್ತಕೀಮ ಮೇಡಂಗೆ ಫೋನು ಮಾಡಿದ.

“ಪೂರಾ ಮನಿ ಏನು?” ಮೇಡಂ ಕೇಳಿದರು.

“ಇಲ್ರಿ ಮೇಡಂ. ಎರಡು ಖೋಲಿ. ಮತ್ತ ಒಂದು ಬಾಗಲಾ.”

ಅವರು ದೀರ್ಘವಾಗಿ ಉಸಿರು ಬಿಟ್ಟರು. “ಹೊಸಾ ಕೆಲಸ ಅಂದಿದ್ದೆ, ದೊಡ್ಡ ಕೆಲಸ ಅಂದಿದ್ದಿಲ್ಲ. ನಾಳಿ ನಾ ಬರಂಗಿಲ್ಲ, ಹೋಗು.”

ಮರುದಿನ ಘತ್ತರಗಿಯ ಬಸ್ಸಿನಲ್ಲಿ ಅಲ್ಲಿನ ದೇವಿ ಭಾಗ್ಯವಂತಿಯ ಭಕ್ತರ ನಡುವೆ ಅವನಿಗೆ ಕೂರಲು ಜಾಗ ಸಿಗಲಿಲ್ಲ. ಕಾಲು ಸೋತು, ಹೊಟ್ಟೆ ಹಸಿದು ಜಗದೇವಪ್ಪನ ಮನೆ ಮುಟ್ಟಿದಾಗ ಅವರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಗೋಡೆಯ ಮುಂದೆಯೇ ಕಾಯುತ್ತಿದ್ದಳು.

“ಮೊದಲ ಎಲ್ಲಿ ಒಡೀತೀ ತೋರಸು. ಚಹಾ ಆಮ್ಯಾಲೆ.”

ಮುಸ್ತಕೀಮ ಗೋಡೆಗೆ ಟೇಪು ಹಿಡಿದ.