ಸೋಲಾರ್ ಹಲಗೆಯ ಮೇಲೆ ವರ್ಷದ ಖಾರ

ನನ್ನ ಚಿಗವ್ವ ಬ್ಯಾಡಗಿಯ ಪೇಟೆಯಲ್ಲಿ ಹಗಲಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸಂಜೆ ಅವಳಿಗಿಂತ ಮೊದಲು ಅವಳ ಕೆಮ್ಮು ಓಣಿಗೆ ಬರುತ್ತಿತ್ತು. ಎಲ್ಲರನ್ನೂ ಅಣಕಿಸುವ ಹುಡುಗ ನಾನು, ಆ ಕೆಮ್ಮನ್ನೂ ಅಣಕಿಸುತ್ತಿದ್ದೆ. ಅವಳೇ ಮೊದಲು ನಗುತ್ತಿದ್ದಳು, ನಕ್ಕು ಮತ್ತೆ ಕೆಮ್ಮುತ್ತಿದ್ದಳು. ಆ ಘಾಟಿನಿಂದ ಪಾರಾಗಿ ಹೊಲಿಗೆಯಲ್ಲೇ ಬದುಕಬೇಕೆಂಬುದು ಅವಳ ಆಸೆ. ಓಣಿಯ ಮಹಿಳಾ ಸಂಘದಲ್ಲಿ ಕಾಲಿನಿಂದ ತುಳಿಯುವ ನಾಲ್ಕು ಮಷಿನ್‌ಗಳಿದ್ದವು. ಅವಕ್ಕೆ ಕರೆಂಟು ಬೇಡ, ಆದರೆ ಸೂಜಿಗೆ ದಾರ ಪೋಣಿಸಲು ಬೆಳಕು ಬೇಕಲ್ಲ? ಎರಡು ಸಾವಿರದ ಇಸವಿಯ ಈಚಿನ ಆ ವರ್ಷಗಳಲ್ಲಿ ಕರೆಂಟು ನಮ್ಮ ಹೆಂಗಸರ ಚಪ್ಪಲಿ ಸಪ್ಪಳಕ್ಕೇ ಕಾಯುತ್ತಿತ್ತೇನೋ, ಅವರು ಬಂದು ಕೂತೊಡನೆ ಹೋಗುತ್ತಿತ್ತು.

ಹಠ ಹಿಡಿದು ಸಂಘದ ಮಾಳಿಗೆಗೆ ಎರಡು ಸೋಲಾರ್ ಹಲಗೆ ಹಾಕಿಸಿದವಳು ಚಿಗವ್ವ. ರಾಣೇಬೆನ್ನೂರಿನ ಅಂಗಡಿಯವನು, "ಹದಿನೈದು ದಿನ ನೋಡ್ರಿ, ಬ್ಯಾಡಂದ್ರ ಬಿಚ್ಚಿಕೊಂಡು ಹೋಗ್ತೀವಿ" ಎಂದಿದ್ದ. ಕೂರಿಸಲು ಬಂದ ಮೆಕ್ಯಾನಿಕ್ ಮೈಸೂರು ಕಡೆಯವನು. "ನೋಡೀಮ್ಮಾ, ಈ ಪ್ಲೇಟ್ ಇದ್ಯಲ್ಲಾ..." ಎಂದು ಶುರುಮಾಡಿದ. ನಾನು ಅವನ ಬೆನ್ನ ಹಿಂದೆ ನಿಂತು, ಅವನಂತೆಯೇ ಕತ್ತು ಓಲಾಡಿಸುತ್ತ ತುಟಿಯಾಡಿಸಿದೆ. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಪಾಪ, ತನ್ನ ಮಾತು ಇಷ್ಟು ಹಿಡಿಸಿತೆಂದು ಹಿಗ್ಗಿ ಅವನು ಇನ್ನೂ ಹತ್ತು ನಿಮಿಷ ಹೇಳಿದ. ಹೇಗೆ ಹೇಳಿದನೆಂಬುದನ್ನು ಇಂದಿಗೂ ಮಾಡಿ ತೋರಿಸಬಲ್ಲೆ. ಏನು ಹೇಳಿದನೆಂಬುದು ನನಗೂ ಗೊತ್ತಿಲ್ಲ, ನಕ್ಕವರಿಗೂ ಗೊತ್ತಿಲ್ಲ.

ಮೊದಲ ವಾರ ಕತ್ತಲ ಓಣಿಯಲ್ಲಿ ಸಂಘದ ಕಿಟಕಿಯೊಂದೇ ಬೆಳಗುತ್ತಿತ್ತು. ಎರಡನೆಯ ವಾರ ದೀಪ ಅರ್ಧ ತಾಸಿಗೇ ಮಂಕಾಗತೊಡಗಿತು. ಒಂದು ಸಂಜೆ ಸಂಘದ ಅಧ್ಯಕ್ಷೆ ಮಷಿನ್ ನಿಲ್ಲಿಸಿದಳು.

"ಯವ್ವಾ, ಇದಕಿಂತ ನಮ್ಮ ಕಂದೀಲು ಪಾಡಿತ್ತು. ನಾಳೆ ಅಂವನ್ನ ಕರಸ್ರಿ, ಬಿಚ್ಚಿಕೊಂಡು ಹೋಗ್ಲಿ."

"ಇನ್ನೆರಡು ದಿನ ನೋಡೂಣ್ರೀ, ಅಕ್ಕಾ," ಎಂದಳು ಚಿಗವ್ವ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಣಕಿಸಲು ಮನಸ್ಸಾಗಲಿಲ್ಲ.

ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ಬಂದ. ಚಿಗವ್ವ ಕೂಲಿ ಬಿಟ್ಟು ಬಂದಳು. ಎಲ್ಲರೂ ಅವನ ಹಿಂದೆ ಮಾಳಿಗೆ ಹತ್ತಿದೆವು. ಅವನು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟ. ಎರಡೂ ಹಲಗೆ ಕಾಣುತ್ತಲೇ ಇರಲಿಲ್ಲ. ಅಂಚಿನಿಂದ ಅಂಚಿಗೆ ಕೆಂಪು ಮೆಣಸಿನಕಾಯಿ.

"ಇದ್ಯಾರ್ರೀ ಹಾಕಿದ್ದು?"

ನಾನೇ. ಮನೆಯ ವರ್ಷದ ಖಾರಕ್ಕೆಂದು ಅವ್ವ ಕೊಟ್ಟ ಕಾಯಿ. ಬಿಸಿಲಿಗೆ ಮೈಯೊಡ್ಡಿದ ಜಾಗ ಖಾಲಿ ಕಂಡರೆ ನಮ್ಮೂರವರ ಕೈ ಸುಮ್ಮನಿರುವುದಿಲ್ಲ. ಗಾಜಾದರೋ ಹೆಂಚಿನಂತೆ ಕಾಯುತ್ತಿತ್ತು. ನಮ್ಮದು ಸುಕ್ಕುಗಾಯಿ, ಇಳಿಜಾರಿನಲ್ಲೂ ಜಾರದೆ ಕೂತಿತ್ತು. ವಾರದಿಂದ ಬೆಳಿಗ್ಗೆ ಹರವಿ, ಹೆಂಗಸರು ಬರುವ ಮೊದಲೇ ಬಾಚಿ ಒಯ್ಯುತ್ತಿದ್ದೆ. ಇಂಥ ಜಾಗ ಯಾರಿಗೂ ಹೊಳೆದಿಲ್ಲವಲ್ಲ ಎಂದು ಜಂಬ ಬೇರೆ!

"ಮೊದಲ ದಿನವೇ ಹೇಳಿದ್ನಲ್ಲಮ್ಮಾ, ಇದರ ಮೇಲೆ ಏನೂ ಇಡಬಾರದು ಅಂತ!"

"ಖರೇ? ಯಾವಾಗ ಹೇಳಿದ್ರಿ?" ಎನ್ನುತ್ತ ಅಧ್ಯಕ್ಷೆ ತಿರುಗಿ ನನ್ನನ್ನು ನೋಡಿದಳು. ಉಳಿದವರೂ ನೋಡಿದರು.

"ಹುಚ್ಚ ಖೋಡಿ!" ಚಿಗವ್ವ ನನ್ನ ಕಿವಿ ಹಿಂಡಿದಳು. "ಬಿಸಲೆಲ್ಲಾ ನಿನ್ನ ಕಾಯಿ ಕುಡದ್ರ ದೀಪ ಏನ್ ಕುಡೀಬೇಕೋ?"

ಅಧ್ಯಕ್ಷೆ ಒಂದು ಕಾಯಿ ಮುರಿದು ನೋಡಿದಳು. "ಆದ್ರೂ ಒಣಗೂದೇನೋ ಭಾಳ ಪಾಡ ಒಣಗ್ಯಾವ ಬಿಡವಾ. ಆತು, ಇನ್ನೊಂದು ಹದಿನೈದು ದಿನ ಇರ್ಲಿ."

ಚಿಗವ್ವ ಅಲ್ಲೇ ಕೂತು ಒದ್ದೆ ಬಟ್ಟೆಯಿಂದ ಗಾಜು ಒರೆಸಿದಳು, ನನ್ನ ಕೈಗೂ ಒಂದು ಬಟ್ಟೆ ಕೊಟ್ಟಳು. ಮೂರನೆಯ ಸಂಜೆ ದೀಪ ಊಟದ ಹೊತ್ತಿನವರೆಗೂ ಉರಿಯಿತು. ಆಮೇಲೆ ಹಲಗೆ ಬಿಚ್ಚುವ ಮಾತನ್ನು ಯಾರೂ ಎತ್ತಲಿಲ್ಲ, ಹೊಲಿಯಲು ಕೊಡುವವರೂ ಹೆಚ್ಚಿದರು.

ಮುಂಗಾರಿಗೆ ಮೊದಲು ಒಂದು ಬೆಳಿಗ್ಗೆ ಕೂಲಿಗೆಂದು ಪೇಟೆಗೆ ಹೊರಟ ಗೆಳತಿಯರು ಬಾಗಿಲಲ್ಲಿ ನಿಂತು ಚಿಗವ್ವನನ್ನು ಕೂಗಿದರು.

"ನೀವು ಹೋಗ್ರವಾ," ಎಂದಳು. "ನನಗ ಇನ್ನೂ ಆರು ಜಂಪರ್ ಹೊಲಿಯೂದೈತಿ."

ಅವರು ಓಣಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು, ಎಷ್ಟೋ ವರ್ಷಗಳ ಮೇಲೆ, ಬೆಳಗಿನ ಚಹಾವನ್ನು ಕೂತು ಕುಡಿದಳು.